ಊಟದ ಮೇಲೆ ಗ್ರೀನ್ ಟೀ ಕುಡಿಯುವ ಅಮ್ಮ, ಮತ್ತೆ ಹಿಮೋಗ್ಲೋಬಿನ್ 9.8

ಕಲ್ಮಾಡಿ ಹೊಳೆಬದಿ

ಎಲ್ಲರಿಗೂ ನಮಸ್ಕಾರ. ಅಮ್ಮನ ವಿಷಯದಲ್ಲಿ ಸ್ವಲ್ಪ ಕೇಳ್ಲಿಕ್ಕೆ ಉಂಟು. ಅವರಿಗೆ 61 ವರ್ಷ. ಮೊನ್ನೆ ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9.8 ಬಂತು, ಡಾಕ್ಟ್ರು ಕಬ್ಬಿಣದ ಮಾತ್ರೆ ಬರೆದು ಕೊಟ್ಟಿದ್ದಾರೆ. ಅದೇ ಹೊತ್ತಿಗೆ ದುಬೈಯಿಂದ ಬಂದ ಸೋದರಮಾವನ ಮಗ ಎರಡು ಡಬ್ಬ ಗ್ರೀನ್ ಟೀ, ಒಂದು ಬಾಟ್ಲಿ ಗ್ರೀನ್ ಟೀ ಕ್ಯಾಪ್ಸೂಲ್ ತಂದುಕೊಟ್ಟ. "ಅತ್ತೆ, ಇದು ಕುಡಿದ್ರೆ ಕೊಬ್ಬು ಕರಗ್ತದೆ, ಶುಗರ್ ಬರುದಿಲ್ಲ, ಕ್ಯಾನ್ಸರ್ ಕೂಡ ಬರುದಿಲ್ಲ" ಅಂತ ಹೇಳಿ ಹೋದ. ಈಗ ಅಮ್ಮ ದಿನಕ್ಕೆ ಐದು ಲೋಟ ಕುಡೀತಾರೆ. ಬೆಳಿಗ್ಗೆ ತಿಂಡಿ ಆದ ಕೂಡ್ಲೆ ಒಂದು, ಮಧ್ಯಾಹ್ನ ಊಟ ಆದ ಕೂಡ್ಲೆ ಒಂದು, ಹೀಗೆ. ಕಬ್ಬಿಣದ ಮಾತ್ರೆಯನ್ನೂ ಅದರಲ್ಲೇ ನುಂಗುದು, "ನೀರಿಗಿಂತ ಒಳ್ಳೇದಲ್ವಾ" ಅಂತ. ಕ್ಯಾಪ್ಸೂಲ್ ಇನ್ನೂ ಶುರು ಮಾಡ್ಲಿಲ್ಲ, ಬಾಟ್ಲಿ ಮಾತ್ರ ಮೇಜಿನ ಮೇಲೆ ಉಂಟು.

ಇದರಲ್ಲಿ ನಿಜವಾಗಿ ಎಂತ ಉಂಟು? ಕುಡಿಯುವುದು ಒಳ್ಳೆಯದಾದರೆ ನಾನು ಯಾಕೆ ತಡೀಲಿ. ಆದರೆ ಮಾತ್ರೆ ಶುರು ಮಾಡಿ ತಿಂಗಳಾಯ್ತು, ಅವರ ಸುಸ್ತು ಒಂಚೂರೂ ಕಡಿಮೆ ಆಗ್ಲಿಲ್ಲ. ಅದೇ ಚಿಂತೆ.

ಕದ್ರಿ ಗುಡ್ಡೆ

ನಾನು ಮೂರು ವರ್ಷದಿಂದ ಕುಡೀತಿದ್ದೇನೆ ಅಕ್ಕ. ತೂಕ ಇಳಿದದ್ದು ಅದರಿಂದ ಅಂತ ಹೇಳ್ಲಿಕ್ಕಾಗುದಿಲ್ಲ. ಮೊದಲು ದಿನಕ್ಕೆ ನಾಲ್ಕು ಸಲ ಎರಡೆರಡು ಚಮಚ ಸಕ್ಕರೆ ಹಾಕಿದ ಹಾಲಿನ ಚಾ ಕುಡೀತಿದ್ದೆ, ಅದು ನಿಂತಿತು. ನನಗೆ ಸಿಕ್ಕಿದ ಲಾಭ ಅದೇ, ಮತ್ತೆ ಅದು ಸಣ್ಣ ಲಾಭ ಅಲ್ಲ.

ಹಳೆ ಕೆಮಿಸ್ಟ್ರಿ ಮಾಷ್ಟ್ರು

ತಂಗಿ, "ಇದರಲ್ಲಿ ಎಂತ ಉಂಟು" ಎಂದು ಕೇಳಿದಿರಿ. ಮೂವತ್ತೊಂದು ವರ್ಷ ಕೆಮಿಸ್ಟ್ರಿ ಪಾಠ ಮಾಡಿದವನು ನಾನು. ಸ್ವಲ್ಪ ಉದ್ದ ಆಗುತ್ತದೆ, ಓದಿ.

ನಾವು ಕುಡಿಯುವ ಖಡಕ್ ಚಾ, ಗ್ರೀನ್ ಟೀ, ಎರಡೂ ಒಂದೇ ಗಿಡದ ಎಲೆ: ಕ್ಯಾಮೆಲಿಯಾ ಸೈನೆನ್ಸಿಸ್. ವ್ಯತ್ಯಾಸ ಇರುವುದು ಕೊಯ್ದ ನಂತರ ಎಲೆಗೆ ಏನು ಮಾಡುತ್ತಾರೆ ಎಂಬುದರಲ್ಲಿ. ಮನೆಯಲ್ಲಿ ಗುಜ್ಜೆ ಕೊಚ್ಚುವಾಗ, ಬಾಳೆದಿಂಡು ಹೆಚ್ಚುವಾಗ ಹೋಳುಗಳನ್ನು ಕೂಡಲೇ ಮಜ್ಜಿಗೆ ನೀರಿಗೆ ಹಾಕುತ್ತೇವಲ್ಲ, ಇಲ್ಲದಿದ್ದರೆ ಕಪ್ಪಾಗುತ್ತವೆ. ಹಾಗೆ ಕಪ್ಪಾಗಿಸುವುದು ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ. ಅದೇ ಕಿಣ್ವ ಚಹಾ ಎಲೆಯಲ್ಲೂ ಇದೆ. ಎಲೆಯನ್ನು ಬಾಡಿಸಿ, ಹಿಸುಕಿ, ಗಾಳಿಗೆ ಬಿಟ್ಟರೆ ಅದು ಎಲೆಯಲ್ಲಿರುವ ಕ್ಯಾಟೆಚಿನ್ ಎಂಬ ಒಗರಿನ ವಸ್ತುಗಳನ್ನು ಥಿಯಾಫ್ಲೇವಿನ್, ಥಿಯಾರೂಬಿಜಿನ್ ಎಂಬ ಕೆಂಪು-ಕಂದು ವಸ್ತುಗಳಾಗಿ ಬದಲಾಯಿಸುತ್ತದೆ. ನಮ್ಮ ಮಾಮೂಲಿ ಚಾದ ಬಣ್ಣ, ರುಚಿ ಅಲ್ಲಿಂದ. ಗ್ರೀನ್ ಟೀಗೆ ಎಲೆ ಕೊಯ್ದ ಕೂಡಲೇ ಬಿಸಿ ಕೊಡುತ್ತಾರೆ. ಜಪಾನಿನವರು ಹಬೆಯಲ್ಲಿ ಬೇಯಿಸುತ್ತಾರೆ, ಚೀನಾದವರು ಹೆಚ್ಚಾಗಿ ಬಾಣಲೆಯಲ್ಲಿ ಹುರಿಯುತ್ತಾರೆ. ಕಿಣ್ವ ಸತ್ತಿತು, ಕ್ಯಾಟೆಚಿನ್ ಉಳಿಯಿತು, ಎಲೆ ಹಸಿರಾಗಿಯೇ ಇತ್ತು.

ಈ ಕ್ಯಾಟೆಚಿನ್‌ಗಳಲ್ಲಿ ಮುಖ್ಯವಾದವು ನಾಲ್ಕು. ಹೆಚ್ಚು ಇರುವುದೂ ಹೆಚ್ಚು ಸಂಶೋಧನೆ ಆದದ್ದೂ ಎಪಿಗ್ಯಾಲೊಕ್ಯಾಟೆಚಿನ್ ಗ್ಯಾಲೇಟ್, ಬಾಯಿ ನೋಯದ ಹಾಗೆ ಹೇಳುವುದಾದರೆ ಇಜಿಸಿಜಿ. ಕುಡಿದಾಗ ನಾಲಿಗೆ ಹಿಡಿದ ಹಾಗೆ ಒಗರು ಆಗುವುದು ಇವುಗಳಿಂದ. ಜೊಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತವೆ, ನಾಲಿಗೆ ಒಣಗಿದಂತೆ ಅನಿಸುತ್ತದೆ. ಗೇರುಹಣ್ಣು ಕಚ್ಚಿದಾಗ ಆಗುವುದೂ ಇದೇ ರೀತಿಯದು. ಪ್ರೋಟೀನಿಗೆ ಅಂಟುವ ಈ ಗುಣವನ್ನು ನೆನಪಿಡಿ, ಕಬ್ಬಿಣಕ್ಕೂ ಹಾಗೆಯೇ ಅಂಟಿಕೊಳ್ಳುತ್ತದೆ. ನಿಮ್ಮ ಅಮ್ಮನ ಪ್ರಶ್ನೆ ಇರುವುದು ಅಲ್ಲಿ.

ಗ್ರೀನ್ ಟೀಯಿಂದ ಕ್ಯಾಟೆಚಿನ್ ಬೇರ್ಪಡಿಸಿದ್ದು 1929ರಲ್ಲಿ, ಜಪಾನಿನ ಮಿಚಿಯೊ ತ್ಸುಜಿಮುರಾ ಎಂಬ ವಿಜ್ಞಾನಿ. 1932ರಲ್ಲಿ ಜಪಾನಿನಲ್ಲಿ ಕೃಷಿ ವಿಜ್ಞಾನದ ಡಾಕ್ಟರೇಟ್ ಪಡೆದ ಮೊದಲ ಮಹಿಳೆಯೂ ಅವರೇ. ನನ್ನ ವಿದ್ಯಾರ್ಥಿನಿಯರಿಗೆ ಇದನ್ನು ಪ್ರತಿ ವರ್ಷ ಹೇಳುತ್ತಿದ್ದೆ, ಇಲ್ಲಿಯೂ ಹೇಳಬೇಕು ಅನಿಸಿತು.

ಇನ್ನೊಂದು ವಸ್ತು ಥಿಯನೈನ್, ಚಹಾದಲ್ಲೇ ವಿಶೇಷವಾಗಿ ಸಿಗುವ ಅಮೈನೊ ಆಮ್ಲ. 1949ರಲ್ಲಿ ಗ್ಯೊಕುರೊ ಎಂಬ ಜಪಾನಿ ಚಹಾದಲ್ಲಿ ಗುರುತಿಸಿದರು. ಬಾಯಿಗೆ ಸಾರಿನಂಥ ಸವಿ ಕೊಡುವುದು ಅದೇ. ಬಿಸಿಲಿಗೆ ಥಿಯನೈನ್ ಕಡಿಮೆಯಾಗಿ ಕ್ಯಾಟೆಚಿನ್ ಹೆಚ್ಚುತ್ತದೆ, ಅದಕ್ಕೇ ಗ್ಯೊಕುರೊ, ಮಾಚಾ ಬೆಳೆಯುವವರು ಕೊಯ್ಲಿನ ಮೊದಲು ಗಿಡಗಳಿಗೆ ಕೆಲವು ವಾರ ನೆರಳು ಕಟ್ಟುತ್ತಾರೆ. ಇದರ ಜೊತೆಗೆ ಕೆಫೀನ್ ಉಂಟು, ಒಂದು ಲೋಟದಲ್ಲಿ ಸುಮಾರು 20ರಿಂದ 45 ಮಿಲಿಗ್ರಾಂ. ಫಿಲ್ಟರ್ ಕಾಫಿಗಿಂತ ಕಡಿಮೆ, ಆದರೆ ಇಲ್ಲ ಅಂತ ಅಲ್ಲ. ಕೆಫೀನ್ ಮತ್ತು ಥಿಯನೈನ್ ಒಟ್ಟಿಗೆ ಸೇರಿದರೆ ಗಮನ ನಿಲ್ಲುತ್ತದೆ ಎಂದು ತೋರಿಸಿದ ಪ್ರಯೋಗಗಳು ಇವೆ. ಆದರೆ ಅವುಗಳಲ್ಲಿ ಸಾಮಾನ್ಯವಾಗಿ ಕೊಟ್ಟ ಥಿಯನೈನ್ 100 ಮಿಲಿಗ್ರಾಂ ಅಥವಾ ಹೆಚ್ಚು, ಒಂದು ಲೋಟದಲ್ಲಿ ಅಷ್ಟು ಸಿಗುವುದಿಲ್ಲ.

ರಥಬೀದಿ ಬೀಡ ಅಂಗಡಿ

ಮಾಷ್ಟ್ರೆ, ಕ್ಯಾಟೆಚಿನ್ ಅಂತ ನೀವು ಹೇಳುವಾಗ ನಮ್ಮ ಕಾಚು ನೆನಪಾಯ್ತು. ಹೆಸರು ಒಂದೇ ಹಾಗೆ ಕೇಳ್ತದೆ. ಸಂಬಂಧ ಉಂಟಾ?

ಹಳೆ ಕೆಮಿಸ್ಟ್ರಿ ಮಾಷ್ಟ್ರು

ಉಂಟು, ಸರಿಯಾಗಿ ಹಿಡಿದಿರಿ! ಬೀಡಕ್ಕೆ ಹಾಕುವ ಕಾಚನ್ನು ಇಂಗ್ಲಿಷಿನವರು ಕ್ಯಾಟೆಚು ಎಂದರು, ಅದರಿಂದ ತೆಗೆದ ವಸ್ತುವಿಗೆ ಕ್ಯಾಟೆಚಿನ್ ಎಂದು ಹೆಸರಾಯಿತು. ಕಗ್ಗಲಿ ಮರದ ತಿರುಳು ಕುದಿಸಿ ಕಾಚು ಮಾಡುತ್ತಾರಲ್ಲ, ಅದರಲ್ಲಿ ಇದೇ ಕುಟುಂಬದ ವಸ್ತುಗಳಿವೆ. ಅಡಿಕೆ ಬೇಯಿಸಿದಾಗ ಬರುವ ಚೊಗರಿನಲ್ಲೂ ಇದೇ ಜಾತಿಯ ಟ್ಯಾನಿನ್ ಇದೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಒಂದು ವಸ್ತುವಿನಲ್ಲಿ ಕ್ಯಾಟೆಚಿನ್ ಇದೆ ಎಂಬ ಮಾತ್ರಕ್ಕೆ ಅದು ಆರೋಗ್ಯಕ್ಕೆ ಒಳ್ಳೆಯದಾಗುವುದಿಲ್ಲ. ಅಡಿಕೆಯಲ್ಲಿ ಇವು ಧಾರಾಳ ಇವೆ, ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆ ಜಗಿಯುವುದನ್ನು ಕ್ಯಾನ್ಸರ್ ತರುವ ಪಟ್ಟಿಯ ಮೊದಲ ಗುಂಪಿನಲ್ಲೇ ಇಟ್ಟಿದೆ. "ಆ್ಯಂಟಿ ಆಕ್ಸಿಡೆಂಟ್ ತುಂಬ ಉಂಟು" ಎಂದು ಡಬ್ಬದ ಮೇಲೆ ಬರೆದದ್ದನ್ನು ಓದಿ ನಿರ್ಧಾರ ಮಾಡಬಾರದು. ಕುಡಿದ ಇಜಿಸಿಜಿಯಲ್ಲಿ ರಕ್ತಕ್ಕೆ ಸೇರುವುದು ತೀರಾ ಸ್ವಲ್ಪ ಪಾಲು. ಉಳಿದದ್ದು ದೊಡ್ಡ ಕರುಳಿಗೆ ಹೋಗಿ ಅಲ್ಲಿಯ ಬ್ಯಾಕ್ಟೀರಿಯಾಗಳಿಂದ ಒಡೆದು ಬೇರೆ ವಸ್ತುಗಳಾಗುತ್ತದೆ. ಹಾಗಾಗಿ ಪ್ರಯೋಗಶಾಲೆಯ ತಟ್ಟೆಯಲ್ಲಿ ಕಂಡದ್ದು ನಮ್ಮ ಮೈಯಲ್ಲಿ ಹಾಗೇ ಆಗುತ್ತದೆ ಎಂದು ತಿಳಿಯಬೇಡಿ. ಮನುಷ್ಯರ ಮೇಲೆ ನೋಡಿದ್ದೇ ಲೆಕ್ಕ.

ಊಟದ ಲೆಕ್ಕ, ಮಣಿಪಾಲ

ಹೊಳೆಬದಿ ಅಕ್ಕ, ನಾನು ಆಹಾರ ತಜ್ಞೆ. ನಿಮ್ಮ ಅಮ್ಮ ಮಾಡುತ್ತಿರುವುದರಲ್ಲಿ ಇವತ್ತೇ ನಿಲ್ಲಿಸಬೇಕಾದ್ದು ಒಂದು: ಕಬ್ಬಿಣದ ಮಾತ್ರೆಯನ್ನು ಗ್ರೀನ್ ಟೀಯಲ್ಲಿ ನುಂಗುವುದು. ಮಾಷ್ಟ್ರು ಹೇಳಿದ ಅಂಟು ಗುಣ ಇದೆಯಲ್ಲ, ಕ್ಯಾಟೆಚಿನ್ ಕಬ್ಬಿಣವನ್ನು ಕರುಳಿನಲ್ಲೇ ಹಿಡಿದುಕೊಳ್ಳುತ್ತದೆ, ರಕ್ತಕ್ಕೆ ಸೇರಲು ಬಿಡುವುದಿಲ್ಲ.

ಸೊಪ್ಪು, ಕಾಳು, ಅಕ್ಕಿಯಲ್ಲಿರುವ ಕಬ್ಬಿಣಕ್ಕೆ ಈ ತೊಂದರೆ ಹೆಚ್ಚು. ಊಟದ ಜೊತೆಯೇ ಚಾ ಕುಡಿದರೆ ಸಸ್ಯಾಹಾರದ ಕಬ್ಬಿಣದಲ್ಲಿ ಅರ್ಧಕ್ಕಿಂತ ಹೆಚ್ಚು ನಷ್ಟವಾಗಬಹುದು. ಮಾಮೂಲಿ ಚಾಕ್ಕೂ ಇದು ಅನ್ವಯಿಸುತ್ತದೆ. ಮೀನು, ಮಾಂಸದ ಕಬ್ಬಿಣಕ್ಕೆ ಅಷ್ಟು ತೊಂದರೆ ಇಲ್ಲ. ಹಾಗಾಗಿ ದಿನವೂ ಬಂಗುಡೆ ಪುಳಿಮುಂಚಿ ಉಣ್ಣುವ ಮನೆಗಿಂತ ಕುಚ್ಚಲಕ್ಕಿ ಅನ್ನ, ಹರಿವೆ ಪದಾರ್ಥ, ಹುರುಳಿ ಸಾರಿನ ಮನೆಯವರು ಹೆಚ್ಚು ಜಾಗ್ರತೆ ಮಾಡಬೇಕು. ನನ್ನ ಹತ್ತಿರ ಬರುವ ಹೆಂಗಸರಲ್ಲಿ ಎಷ್ಟೋ ಜನ ಸೊಪ್ಪು ಚೆನ್ನಾಗಿ ತಿನ್ನುತ್ತಾರೆ, ಮಾತ್ರೆಯೂ ತಪ್ಪಿಸುವುದಿಲ್ಲ, ಊಟ ಮುಗಿದ ಐದು ನಿಮಿಷಕ್ಕೆ ಚಾ ಲೋಟ ಕೈಯಲ್ಲಿ. ಎಷ್ಟು ಹೇಳಿದರೂ ಸಾಲದು ಅನಿಸುತ್ತದೆ ನನಗೆ.

ಪರಿಹಾರ ಸುಲಭ. ಊಟಕ್ಕೂ ಗ್ರೀನ್ ಟೀಗೂ ನಡುವೆ ಕಡಿಮೆ ಅಂದರೆ ಒಂದು ಗಂಟೆ ಬಿಡಿ, ಮಾತ್ರೆಗೂ ಟೀಗೂ ಎರಡು ಗಂಟೆ. ಊಟದ ಜೊತೆ ಹುಳಿ ಇರಲಿ: ಲಿಂಬೆ, ನೆಲ್ಲಿಕಾಯಿ, ಬಿಂಬುಳಿ. ಸಿ ವಿಟಮಿನ್ ಕಬ್ಬಿಣವನ್ನು ಒಳಗೆ ಎಳೆದುಕೊಳ್ಳಲು ಸಹಾಯ ಮಾಡುತ್ತದೆ.

ಇನ್ನೊಂದು, ದಯವಿಟ್ಟು ಹಗುರ ಮಾಡಬೇಡಿ. ಮುಟ್ಟು ನಿಂತ ಮೇಲೆ ಹೆಂಗಸರಿಗೆ ಹಿಮೋಗ್ಲೋಬಿನ್ 9.8ಕ್ಕೆ ಇಳಿದರೆ ಯಾಕೆ ಇಳಿಯಿತು ಎಂದು ಹುಡುಕಲೇಬೇಕು. ಗ್ರೀನ್ ಟೀ ಶುರುವಾದದ್ದು ಮೊನ್ನೆ, ರಕ್ತ ಕಡಿಮೆ ಆದದ್ದು ಅದಕ್ಕೂ ಮೊದಲು. ಹೊಟ್ಟೆಯೊಳಗೆ ಎಲ್ಲಾದರೂ ರಕ್ತ ಹೋಗುತ್ತಿದೆಯಾ ಎಂದು ನೋಡಿಸಿದ್ದೀರಾ?

ಕಲ್ಮಾಡಿ ಹೊಳೆಬದಿ

ಇಲ್ಲ ಅಕ್ಕ, ನೋಡಿಸ್ಲಿಲ್ಲ. ಅದು ನನಗೆ ಹೊಳೆಯಲೇ ಇಲ್ಲ. ಸೋಮವಾರ ಕರ್ಕೊಂಡು ಹೋಗ್ತೇನೆ. ಇವತ್ತು ರಾತ್ರಿಯ ಮಾತ್ರೆಯನ್ನು ನಾನೇ ನಿಂತು ನೀರಲ್ಲಿ ನುಂಗಿಸಿದೆ.

ಬಿಜೈ ಮದ್ದಿನಂಗಡಿ

ಕ್ಯಾಪ್ಸೂಲಿನ ಬಗ್ಗೆ ಯಾರೂ ಹೇಳ್ಲಿಲ್ಲ, ನಾನು ಹೇಳ್ತೇನೆ. ಆ ಬಾಟ್ಲಿ ತೆರೀಬೇಡಿ.

ಲೋಟದ ಗ್ರೀನ್ ಟೀ ಬೇರೆ, ಸಾರ ತೆಗೆದು ತುಂಬಿಸಿದ ಕ್ಯಾಪ್ಸೂಲ್ ಬೇರೆ. ಒಂದು ಲೋಟದಲ್ಲಿ ಇಜಿಸಿಜಿ 50ರಿಂದ 100 ಮಿಲಿಗ್ರಾಂ ಆಸುಪಾಸು, ಅದನ್ನು ಮೆಲ್ಲ ಕುಡೀತೇವೆ. ಕ್ಯಾಪ್ಸೂಲಿನಲ್ಲಿ ಒಂದೇ ಸಲ ನೂರಾರು ಮಿಲಿಗ್ರಾಂ ಒಳಗೆ ಹೋಗ್ತದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಎಲ್ಲ ಮಾಹಿತಿ ನೋಡಿ ಹೇಳಿದ್ದು ಇದು: ಪೂರಕದ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಇಜಿಸಿಜಿ ತಗೊಂಡರೆ ಲಿವರಿನ ಕಿಣ್ವಗಳು ರಕ್ತದಲ್ಲಿ ಏರ್ತವೆ, ಅದು ಲಿವರಿಗೆ ಪೆಟ್ಟು ಬೀಳುವುದರ ಸೂಚನೆ. ಮಾಮೂಲಿಯಾಗಿ ಸೋಸಿ ಕುಡಿಯುವ ಟೀ ಸಾಧಾರಣವಾಗಿ ಸುರಕ್ಷಿತ. ಅದಕ್ಕೂ ಮೊದಲು, 2003ರಲ್ಲಿಯೇ, ತೂಕ ಇಳಿಸಲು ಮಾರ್ತಿದ್ದ ಒಂದು ಗ್ರೀನ್ ಟೀ ಸಾರದ ಮಾತ್ರೆಯನ್ನು ಲಿವರ್ ತೊಂದರೆಯ ಕಾರಣಕ್ಕೆ ಫ್ರಾನ್ಸ್, ಸ್ಪೇನಿನಲ್ಲಿ ಮಾರುಕಟ್ಟೆಯಿಂದ ತೆಗೆದಿದ್ದರು. ಖಾಲಿ ಹೊಟ್ಟೆಯಲ್ಲಿ ತಗೊಂಡರೆ ರಕ್ತಕ್ಕೆ ಸೇರುವ ಪ್ರಮಾಣ ಇನ್ನೂ ಹೆಚ್ಚು. ತೂಕ ಇಳಿಸುವವರು ಉಪವಾಸದಲ್ಲೇ ನುಂಗುವುದು, ಅದೇ ಹೆದರಿಕೆ.

ಮದ್ದಿನ ಜೊತೆ ಜಗಳ ಮಾಡುವ ಗುಣವೂ ಉಂಟು. ನಾಡೊಲಾಲ್ ಎಂಬ ಬಿಪಿ ಮಾತ್ರೆ ಗ್ರೀನ್ ಟೀ ಜೊತೆ ಸರಿಯಾಗಿ ಒಳಗೆ ಸೇರುವುದಿಲ್ಲ ಅಂತ 2014ರಲ್ಲಿ ತೋರಿಸಿದ್ದಾರೆ. ರಕ್ತ ತೆಳು ಮಾಡುವ ವಾರ್ಫರಿನ್ ತಗೊಳ್ಳುವವರು ತುಂಬ ಗ್ರೀನ್ ಟೀ ಕುಡಿಯುವುದಾದರೆ ಡಾಕ್ಟ್ರಿಗೆ ಹೇಳಬೇಕು. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರಂತೂ ಕೇಳದೆ ಮುಟ್ಟಲೇಬಾರದು, ಬೊರ್ಟೆಜೊಮಿಬ್ ಎಂಬ ಮದ್ದಿನ ಕೆಲಸವನ್ನು ಇಜಿಸಿಜಿ ತಡೆಯುವುದು ಪ್ರಯೋಗಶಾಲೆಯಲ್ಲಿ ಕಂಡಿದೆ.

ಪಣಂಬೂರು ಗಾಳಿ

ಮೇಲಿನವರ ಮಾತಿಗೆ ನನ್ನದೊಂದು ಅನುಭವ. ನಾಲ್ಕು ವರ್ಷದ ಹಿಂದೆ, ಮದುವೆಗೆ ಮೂರು ತಿಂಗಳು ಇರುವಾಗ ತೂಕ ಇಳಿಸಬೇಕು ಅಂತ ಗ್ರೀನ್ ಟೀ ಸಾರದ ಕ್ಯಾಪ್ಸೂಲ್ ದಿನಕ್ಕೆ ಎರಡು ನುಂಗುತ್ತಿದ್ದೆ, ಬೆಳಿಗ್ಗೆ ಖಾಲಿ ಹೊಟ್ಟೆಗೆ. ಆರನೇ ವಾರಕ್ಕೆ ಊಟ ಸೇರುವುದು ನಿಂತಿತು, ಮೂತ್ರ ಚಾದ ಡಿಕಾಕ್ಷನಿನ ಬಣ್ಣಕ್ಕೆ ಬಂತು. ಮನೆಯಲ್ಲಿ ಅರಸಿನ ಕಾಮಾಲೆ ಅಂತ ನೆಲನೆಲ್ಲಿ ಅರೆದು ಕೊಟ್ಟರು. ಪರೀಕ್ಷೆ ಮಾಡಿಸಿದರೆ ಲಿವರಿನ ಕಿಣ್ವಗಳು ಬಹಳ ಮೇಲೆ. "ಬೇರೆ ಎಂತ ತಗೊಳ್ತಿದ್ದೀರಿ" ಅಂತ ಡಾಕ್ಟ್ರು ಎರಡು ಸಲ ಕೇಳಿದ ಮೇಲೆಯೇ ಕ್ಯಾಪ್ಸೂಲಿನ ವಿಷಯ ಹೇಳಿದ್ದು. ನನ್ನ ಮನಸ್ಸಿನಲ್ಲಿ ಅದು ಮದ್ದೇ ಆಗಿರಲಿಲ್ಲ, ಎಲೆಯ ಪುಡಿ ಅಷ್ಟೇ ಅಂತ ಇತ್ತು. ನಿಲ್ಲಿಸಿ ಎರಡು ತಿಂಗಳಲ್ಲಿ ಎಲ್ಲ ಸರಿಯಾಯ್ತು. ಮದುವೆ ಮುಂದೆ ಹಾಕಬೇಕಾಯ್ತು. ಅಕ್ಕ, ಅಮ್ಮನಿಗೆ ಕೊಡಬೇಡಿ.

ಕದ್ರಿ ಗುಡ್ಡೆ

ಓದಿ ಕೈಕಾಲು ತಣ್ಣಗಾಯ್ತು ಮಾರಾಯ್ರೆ. ಈಗ ಹುಷಾರಿದ್ದೀರಲ್ಲ, ಅದೇ ದೊಡ್ಡದು.

ಆದರೆ ಎಲ್ಲ ಕೇಳಿದ ಮೇಲೆ ಒಂದು ಪ್ರಶ್ನೆ. ಹಾಗಾದರೆ ಗ್ರೀನ್ ಟೀಯಿಂದ ನಿಜವಾದ ಲಾಭ ಅಂತ ಏನಾದರೂ ಉಂಟಾ ಇಲ್ವಾ?

ಊಟದ ಲೆಕ್ಕ, ಮಣಿಪಾಲ

ಉಂಟು, ಹೇಳುವುದಕ್ಕಿಂತ ಸಣ್ಣದು.

ಹೃದಯದ ವಿಷಯದಲ್ಲಿ ನನಗೆ ಹೆಚ್ಚು ಭರವಸೆ ಕೊಡುವುದು ಜಪಾನಿನ ಒಸಾಕಿ ಅಧ್ಯಯನ. ಮಿಯಾಗಿ ಪ್ರಾಂತ್ಯದ 40,530 ಜನರನ್ನು 11 ವರ್ಷದವರೆಗೆ ಗಮನಿಸಿ 2006ರಲ್ಲಿ ಪ್ರಕಟಿಸಿದ್ದು. ದಿನಕ್ಕೆ ಐದು ಅಥವಾ ಹೆಚ್ಚು ಕಪ್ ಕುಡಿಯುವವರಲ್ಲಿ ಹೃದಯ, ರಕ್ತನಾಳದ ಕಾಯಿಲೆಯಿಂದ ಸಾಯುವವರು ಕಡಿಮೆ ಇದ್ದರು. ಒಂದು ಕಪ್ಪಿಗಿಂತ ಕಡಿಮೆ ಕುಡಿಯುವವರಿಗೆ ಹೋಲಿಸಿದರೆ ಹೆಂಗಸರಲ್ಲಿ 31, ಗಂಡಸರಲ್ಲಿ 22 ಶೇಕಡಾ ಕಡಿಮೆ. ಅಲ್ಲಿಯ ಕಪ್ ಸಣ್ಣದು, 100 ಮಿಲಿಲೀಟರ್, ನಮ್ಮ ಸ್ಟೀಲ್ ಲೋಟ ಅಲ್ಲ. ಕ್ಯಾನ್ಸರ್ ಸಾವಿನಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ನಿಮ್ಮ ಮಾವನ ಮಗ ಹೇಳಿದ ಕ್ಯಾನ್ಸರಿನ ಮಾತನ್ನು ನಂಬಿ ಕೂತುಕೊಳ್ಳಬೇಡಿ. ಮತ್ತೆ, ಇದು ಗಮನಿಸಿದ ಅಧ್ಯಯನ, ಕೊಟ್ಟು ನೋಡಿದ್ದಲ್ಲ. ಹೆಚ್ಚು ಕುಡಿಯುವವರ ಊಟ, ನಡಿಗೆ, ಬದುಕೇ ಬೇರೆ ಇದ್ದಿರಬಹುದು.

ಕೊಟ್ಟು ನೋಡಿದ ಪ್ರಯೋಗಗಳೂ ಇವೆ. ಅಂಥ 14 ಪ್ರಯೋಗಗಳ 1,136 ಜನರ ಲೆಕ್ಕ ಒಟ್ಟುಮಾಡಿ 2011ರಲ್ಲಿ ಪ್ರಕಟವಾದದ್ದರಲ್ಲಿ ಕೆಟ್ಟ ಕೊಲೆಸ್ಟರಾಲ್ ಡೆಸಿಲೀಟರ್ ರಕ್ತಕ್ಕೆ ಸರಾಸರಿ 2.19 ಮಿಲಿಗ್ರಾಂ ಇಳಿದಿತ್ತು. ಇಳಿದದ್ದು ನಿಜ, ಆದರೆ 150 ಇದ್ದವರಿಗೆ 148 ಆದರೆ ಡಾಕ್ಟ್ರು ಕೊಟ್ಟ ಮಾತ್ರೆ ಬಿಡುವ ಹಾಗಿಲ್ಲ. ತೂಕದ ಬಗ್ಗೆ 2012ರ ಕಾಕ್ರೇನ್ ವಿಮರ್ಶೆ (ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡುವ ವರದಿ) ಹೇಳಿದ್ದು, ಇಳಿಯುವುದು ತೀರಾ ಸ್ವಲ್ಪ, ಗಣನೆಗೆ ಬರುವಷ್ಟಿಲ್ಲ. ಸಕ್ಕರೆ ಕಾಯಿಲೆಯಲ್ಲಿ ಫಲಿತಾಂಶ ಒಂದೊಂದು ಕಡೆ ಒಂದೊಂದು ರೀತಿ.

ನಿಮ್ಮದೇ ಲಾಭ ನೋಡಿ ಕದ್ರಿಯವರೆ. ದಿನಕ್ಕೆ ಎಂಟು ಚಮಚ ಸಕ್ಕರೆ ಬಿಟ್ಟದ್ದು. ಅಷ್ಟು ದೊಡ್ಡ ಲಾಭವನ್ನು ಇಜಿಸಿಜಿ ಕೊಟ್ಟದ್ದು ನಾನು ಎಲ್ಲೂ ಓದಿಲ್ಲ.

ಶಿರ್ವ ತೋಟ

ನಮ್ಮಲ್ಲಿ ಬರುವ ಅರ್ಧ ಜನ ಮಾಡುವುದೇ ತಪ್ಪು. ಎಲೆಯನ್ನು ಹಾಲಿನ ಚಾದ ಹಾಗೆ ಕುದಿಸ್ತಾರೆ, ಆಮೇಲೆ "ಕಹಿ ಕಹಿ, ಕಷಾಯಕ್ಕಿಂತ ಕಷ್ಟ" ಅಂತಾರೆ. ಕುದಿಸಬಾರದು. ನೀರು 75ರಿಂದ 80 ಡಿಗ್ರಿ ಸಾಕು, ಎರಡು ನಿಮಿಷ, ಸೋಸಿ. ಥರ್ಮಾಮೀಟರ್ ಬೇಡ: ಕುದಿಸಿ ಆರಿಸಿದ ನೀರು ಒಂದು ಪಾಲು, ಈಗ ಕುದಿದ ನೀರು ಎರಡರಿಂದ ಮೂರು ಪಾಲು, ಕೂಡಿಸಿದರೆ ಹೆಚ್ಚು ಕಡಿಮೆ ಅಷ್ಟೇ ಬಿಸಿ ಬರ್ತದೆ. ಕುಡಿಯುವಾಗ ಇನ್ನೂ ಆರಲಿ. 65 ಡಿಗ್ರಿಗಿಂತ ಮೇಲಿನ ಬಿಸಿ ಪಾನೀಯ ಅನ್ನನಾಳದ ಕ್ಯಾನ್ಸರಿಗೆ ಬಹುಶಃ ಕಾರಣ ಅಂತ 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅದೇ ಕ್ಯಾನ್ಸರ್ ವಿಭಾಗ ಹೇಳಿದೆ. ಸುಡುಸುಡು ಕುಡಿಯುವ ಅಭ್ಯಾಸ ನಮ್ಮಲ್ಲಿ ತುಂಬ.

ಮಳೆಗಾಲದಲ್ಲಿ ಪ್ಯಾಕೆಟ್ ಬಿಚ್ಚಿಟ್ಟರೆ ಕೆಲವೇ ದಿನದಲ್ಲಿ ಎಲೆ ಮೆತ್ತಗೆ, ಪರಿಮಳ ಹೋಯ್ತು. ಹಪ್ಪಳ ಇಡುವ ಹಾಗೆ ಗಾಳಿಯಾಡದ ಡಬ್ಬದಲ್ಲಿ, ಒಲೆಯಿಂದ ದೂರ ಇಡಿ. ತೇವ, ಬಿಸಿ, ಬೆಳಕು ಮೂರೂ ಕ್ಯಾಟೆಚಿನ್ನಿಗೆ ಆಗುವುದಿಲ್ಲ. ಸಣ್ಣ ಪ್ಯಾಕೆಟೇ ತಗೊಳ್ಳಿ. ಚಾರ್ಮಾಡಿ ಘಾಟಿ ಹತ್ತಿದರೆ ಚಿಕ್ಕಮಗಳೂರು ಜಿಲ್ಲೆಯಲ್ಲೇ ಚಹಾ ತೋಟ ಉಂಟು, ದುಬೈಯಿಂದ ತರಿಸಬೇಕು ಅಂತ ಇಲ್ಲ.

ಲಿಂಬೆ ಹಿಂಡಿದರೆ ಒಳ್ಳೆಯದು ಅಂತಾರಲ್ಲ, ಅದು ಸರಿಯಾ ಮಾಷ್ಟ್ರೆ?

ಹಳೆ ಕೆಮಿಸ್ಟ್ರಿ ಮಾಷ್ಟ್ರು

ಸರಿ. ಹೊಟ್ಟೆಯ ಹುಳಿ ದಾಟಿ ಸಣ್ಣ ಕರುಳಿಗೆ ಬಂದಾಗ ಕ್ಯಾಟೆಚಿನ್ ಬೇಗ ಹಾಳಾಗುತ್ತದೆ. ಸಿ ವಿಟಮಿನ್ ಇದ್ದರೆ ಹೆಚ್ಚು ಉಳಿಯುತ್ತದೆ ಎಂದು ಪ್ರಯೋಗಶಾಲೆಯಲ್ಲಿ ಕಂಡಿದ್ದಾರೆ. ಹಾಲು ಬೇಡ, ಅದರ ಕೇಸೀನ್ ಪ್ರೋಟೀನ್ ಕ್ಯಾಟೆಚಿನ್ನಿಗೆ ಅಂಟಿಕೊಳ್ಳುತ್ತದೆ, ರುಚಿಯೂ ಕೆಡುತ್ತದೆ.

ಒಂದು ವಿಷಯ ಬಿಟ್ಟುಹೋಯಿತು. ತುಳಸಿ, ಮಜ್ಜಿಗೆ ಹುಲ್ಲು, ದಾಸವಾಳ ಕುದಿಸಿ ಅದನ್ನೂ ಗ್ರೀನ್ ಟೀ ಎನ್ನುತ್ತಾರೆ. ಚಹಾ ಎಲೆ ಇಲ್ಲದ ಮೇಲೆ ಈ ಇಜಿಸಿಜಿ, ಥಿಯನೈನ್, ಕೆಫೀನಿನ ಲೆಕ್ಕ ಅದಕ್ಕೆ ಹಿಡಿಯಬಾರದು. ರಾತ್ರಿ ನಿದ್ದೆ ಬಾರದವರಿಗೆ ನಮ್ಮ ಕೊತ್ತಂಬರಿ-ಜೀರಿಗೆ ಕಷಾಯವೇ ಒಳ್ಳೆಯದು.

ಕೃಷ್ಣಾಪುರ ಅಮ್ಮ

ನನಗೆ ಈಗ ಐದು ತಿಂಗಳು. ಕುಡಿಯಬಹುದಾ?

ಊಟದ ಲೆಕ್ಕ, ಮಣಿಪಾಲ

ದಿನಕ್ಕೆ ಒಂದು ಲೋಟ, ಊಟದಿಂದ ದೂರ, ಅಡ್ಡಿಯಿಲ್ಲ ತಂಗಿ. ಕಾಫಿ, ಚಾ ಎಲ್ಲ ಸೇರಿ ಕೆಫೀನ್ 200 ಮಿಲಿಗ್ರಾಂ ಮೀರದಿರಲಿ. ಕಬ್ಬಿಣದ ಮಾತ್ರೆ ನಡೆಯುತ್ತಿರುವ ಸಮಯ, ಅದಕ್ಕೆ ಎರಡು ಗಂಟೆಯ ಅಂತರ ನಿಮಗೂ ಬೇಕು. ಕ್ಯಾಪ್ಸೂಲ್ ಬೇಡವೇ ಬೇಡ.

ಕಲ್ಮಾಡಿ ಹೊಳೆಬದಿ

ಏಳು ವಾರ ಆಯ್ತು, ಹೇಳಿ ಹೋಗುವ ಅಂತ ಬಂದೆ.

ಆ ಸೋಮವಾರ ಅಮ್ಮನನ್ನು ಕರ್ಕೊಂಡು ಹೋದೆ. ಮಲ ಪರೀಕ್ಷೆಯಲ್ಲಿ ರಕ್ತದ ಅಂಶ ಕಂಡಿತು, ಎಂಡೋಸ್ಕೋಪಿ ಮಾಡಿದರು. ಹೊಟ್ಟೆಯಲ್ಲಿ ಹುಣ್ಣು. ಮಂಡಿನೋವಿಗೆ ಅಂತ ಎರಡು ವರ್ಷದಿಂದ ತಾವೇ ತರಿಸಿ ನುಂಗುತ್ತಿದ್ದ ನೋವಿನ ಮಾತ್ರೆ ಕಾರಣ. ನನಗೆ ಅದು ದಿನಾ ನುಂಗ್ತಾರೆ ಅಂತಲೇ ಗೊತ್ತಿರಲಿಲ್ಲ. ಊಟದ ಲೆಕ್ಕದ ಅಕ್ಕ ಅವತ್ತು ಕೇಳದಿದ್ದರೆ ನಾವು ಗ್ರೀನ್ ಟೀಯನ್ನೇ ದೂರುತ್ತಾ ಕೂತಿರುತ್ತಿದ್ದೆವು. ನಿಮಗೆ ಹೇಗೆ ಋಣ ತೀರಿಸುದು ಗೊತ್ತಿಲ್ಲ.

ನೋವಿನ ಮಾತ್ರೆ ನಿಂತಿತು, ಹುಣ್ಣಿಗೆ ಮದ್ದು ನಡೀತಾ ಉಂಟು. ಕಬ್ಬಿಣದ ಮಾತ್ರೆ ಈಗ ಬೆಳಿಗ್ಗೆ ಹನ್ನೊಂದಕ್ಕೆ, ಲಿಂಬೆ ಹಿಂಡಿದ ನೀರಿನಲ್ಲಿ. ಡಾಕ್ಟ್ರು ಹುಣ್ಣು ಮಾಗುವವರೆಗೆ ಚಾ, ಕಾಫಿ, ಗ್ರೀನ್ ಟೀ ಎಲ್ಲ ಕಡಿಮೆ ಮಾಡಿ ಅಂದದ್ದಕ್ಕೆ ಸಂಜೆ ನಾಲ್ಕೂವರೆಗೆ ಒಂದೇ ಲೋಟ, ಖಾಲಿ ಹೊಟ್ಟೆಗೆ ಬೇಡ ಅಂತ ಒಂದು ಇಡ್ಲಿಯ ತುಂಡು ತಿಂದು ಸ್ವಲ್ಪ ಹೊತ್ತು ಬಿಟ್ಟು. ಶಿರ್ವದವರು ಹೇಳಿದ ಹಾಗೆ ನೀರು ಕೂಡಿಸಿ ಮಾಡ್ತೇನೆ, ಕಹಿ ಇಲ್ಲ ಅಂತ ಅಮ್ಮನೇ ಹೇಳಿದರು. ಕ್ಯಾಪ್ಸೂಲಿನ ಬಾಟ್ಲಿ ಎಸೆದೆ, ಮಾವನ ಮಗನಿಗೆ ಫೋನ್ ಮಾಡಿ ಪಣಂಬೂರಿನವರ ಕತೆ ಹೇಳಿದೆ. ಅವನೂ ನಿಲ್ಲಿಸಿದ್ದಾನಂತೆ.

ನಿನ್ನೆಯ ಹಿಮೋಗ್ಲೋಬಿನ್ 11.2. ಇವತ್ತು ಬೆಳಿಗ್ಗೆ ಅಮ್ಮ ಒಬ್ಬರೇ ಮಲ್ಪೆ ರಸ್ತೆಯ ತನಕ ನಡೆದು ಹೋಗಿ ಹರಿವೆ ತಂದಿದ್ದಾರೆ.